ಕಾಯಿಸದ ಹಾಲು

ಜುಲೈ 3, 2006, ಸೋಮವಾರ

ಈ ನೋಟ್‌ಬುಕ್ಕು ಚೇತನಾ ಮೇಡಂ ಕಸಕ್ಕೆ ಒಗೆಯಲು ತೆಗೆದಿಟ್ಟದ್ದು. ಮೊದಲ ಹನ್ನೊಂದು ಹಾಳೆಯಲ್ಲಿ ಅವರ ಇಂಗ್ಲಿಷ್ ಬರಹ, ಉಳಿದದ್ದೆಲ್ಲ ಖಾಲಿ. ‘ಇದನ್ನ ನಾ ಒಯ್ಯಲೇನ್ರಿ?’ ಅಂದೆ. ‘ಏನ್ ಬರೀತೀರಿ ಅಂಬಕ್ಕ?’ ಅಂದರು. ನಕ್ಕು ಚೀಲಕ್ಕೆ ಹಾಕಿಕೊಂಡೆ.

ಶಿವಯೋಗ ಮಂದಿರಕ್ಕೆ ಹೋದಾಗ ಅಲ್ಲಿಯ ಸ್ವಾಮಿಗಳೊಬ್ಬರು, ದಿನಕ್ಕೆ ಒಂದು ಉಪಕಾರವನ್ನಾದರೂ ನೆನೆಯಿರಿ ಎಂದಿದ್ದರು. ನೆನೆಯಲು ಕೂತರೆ ನನಗೆ ತೂಕಡಿಕೆ. ಅದಕ್ಕೇ ಬರೆಯುವುದು. ಐದನೇ ಇಯತ್ತೆವರೆಗೆ ಸಾಲಿ ಕಲಿತದ್ದು ಇಷ್ಟಕ್ಕಾದರೂ ಬರಲಿ.

ಇವತ್ತಿನ ಉಪಕಾರ: ತಾಯಿ ಬನಶಂಕರಿ, ಐವತ್ತನೇ ವರ್ಷದಲ್ಲಿ ಮನೆ ಬಿಟ್ಟು ಕೆಲಸಕ್ಕೆ ಹೊರಟವಳಿಗೆ ನೆರಳಿನಲ್ಲಿ ಕೆಲಸ ಕೊಟ್ಟೆ. ನಮ್ಮ ಮನೆಯವರ ಕೈ ನಡುಗತೊಡಗಿ ಎರಡು ವರ್ಷವಾಯಿತು. ಲಾಳಿ ಹಿಡಿದ ಕೈ ಈಗ ಚಹಾದ ಕಪ್ಪನ್ನೂ ಹಿಡಿಯದು. ಇಳಕಲ್ಲಿನ ಮಗ್ಗ ಮೈದುನನ ಪಾಲಿಗೆ ಹೋಯಿತು, ನಾವು ಬಾಗಲಕೋಟೆಯ ನವನಗರಕ್ಕೆ ಬಂದೆವು. ಇಲ್ಲಿಯ ಕಾಲೇಜಿನಲ್ಲಿ ನನ್ನದು ಕಸ, ನೆಲ, ಗಾಜಿನ ಪಾತ್ರೆ. ಚೇತನಾ ಮೇಡಂ ಸಂಶೋಧನೆಯ ಖೋಲಿಯಲ್ಲಿ ಇಲಿಗಳ ವಾಸನೆ. ಮನೆಗೆ ಬಂದ ಕೂಡಲೇ ತಲೆಗೆ ನೀರು ಹಾಕಿಕೊಂಡೇ ದೇವರ ಮುಂದೆ ಹೋಗುವುದು.

ಜುಲೈ 11, ಮಂಗಳವಾರ

ಇವತ್ತು ಮೇಡಂ ನನ್ನ ಕೈಗೆ ತಕ್ಕಡಿ ಕೊಟ್ಟರು. ಚಿಟಿಕೆ ಪುಡಿಯನ್ನೂ ತೂಗುವ ತಕ್ಕಡಿ, ಉಸಿರು ತಾಗಿದರೆ ಅಂಕಿ ಓಡಾಡುತ್ತದೆ. ಕೆನೆ ತೆಗೆದ ಹಾಲಿನ ಪುಡಿ ಐದು ಗ್ರಾಂ, ಉಪ್ಪುನೀರು ನೂರು. ಗಂಟಿಲ್ಲದಂತೆ ಕಲಸಬೇಕು. ಎರಡು ಸಲ ಮಾಡಿ ತೋರಿಸಿದೆ. ‘ಇನ್ನ ಮ್ಯಾಲ ಹಾಲು ನಿಮ್ಮ ಪಾಲಿಗೆ’ ಅಂದರು.

‘ಇದನ್ನ ಇಲಿ ಕುಡೀತಾವೇನ್ರಿ?’

‘ಇಲ್ಲ, ಹಾಳಿ ಕುಡೀತೈತಿ.’

ಆಮೇಲೆ ಕೂರಿಸಿಕೊಂಡು ಹೇಳಿದರು. ಮೇಡಂ ಹುನಗುಂದದವರು, ನಮ್ಮ ಮಾತು ಅವರಿಗೆ ತಿಳಿಯುತ್ತದೆ, ಅವರ ಮಾತು ನಮಗೆ. ಮಿದುಳು ಬೆಳೆಯುವಾಗ ಅದರಲ್ಲಿ ತಾಯಿಕಣಗಳು ಇರುತ್ತವಂತೆ, ಮುಂದಿನ ಎಲ್ಲ ಕಣಗಳನ್ನು ಹೆರುವಂಥವು. ಆ ತಾಯಿಕಣದೊಳಗೆ ನೆಸ್ಟಿನ್ ಎಂಬ ಒಂದು ವಸ್ತು. ಅದಿದ್ದರೆ ತಾಯಿಕಣ ಇದೆ ಎಂದು ಗುರುತು. ಮೈಯಲ್ಲಿ ರಕ್ತ ಕಡಿಮೆ ಇರುವ ಇಲಿ ಹೆತ್ತ ಮರಿಗಳಲ್ಲಿ ಅದು ಕಡಿಮೆ ಇರುತ್ತದೋ ಎಂದು ನೋಡುವುದೇ ಇವರ ಕೆಲಸ. ‘ನಮ್ಮ ಕಡಿ ಬಸುರಿ ಹೆಣ್ಮಕ್ಕಳ ಕಣ್ಣ ನೋಡೀರಲ್ಲ ಅಂಬಕ್ಕ, ಸುಣ್ಣದಾಂಗ ಬೆಳ್ಳಗ’ ಅಂದರು. ನೋಡಿದ್ದೇನೆ. ಮೊದಲ ಬಸುರಿನಲ್ಲಿ ನನ್ನ ಕಣ್ಣೂ ಹಾಗೇ ಇದ್ದವು.

ಮರಿಯ ಮಿದುಳಿನ ರಸ ತೆಗೆದು ಒಂದು ಬಿಳಿ ಹಾಳೆಗೆ ಇಳಿಸುತ್ತಾರೆ. ಅದರ ಮೇಲೆ ಆ್ಯಂಟಿಬಾಡಿ ಎಂಬ ದ್ರವ ಹಾಕಿದರೆ ಅದು ಸಾವಿರ ವಸ್ತುಗಳಲ್ಲಿ ನೆಸ್ಟಿನ್ ಒಂದನ್ನೇ ಹುಡುಕಿ ಹಿಡಿಯುತ್ತದೆ. ಅದನ್ನು ಇನ್ನೊಂದು ಆ್ಯಂಟಿಬಾಡಿ ಹಿಡಿಯುತ್ತದೆ. ಆ ಎರಡನೆಯದರ ಬೆನ್ನಿಗೆ ಒಂದು ದೀಪ. ಕತ್ತಲ ಕೋಣೆಯಲ್ಲಿ ದೀಪದ ಬೆಳಕು ಫಿಲ್ಮಿಗೆ ತಾಗಿ ಕರಿ ಗೆರೆ ಮೂಡುತ್ತದೆ. ಹಾಲು ಯಾಕೆಂದರೆ, ಹಾಳೆಯ ಖಾಲಿ ಜಾಗವನ್ನೆಲ್ಲ ಮುಚ್ಚಲು. ಇಲ್ಲವಾದರೆ ಆ್ಯಂಟಿಬಾಡಿ ಕಂಡಕಂಡಲ್ಲಿ ಅಂಟಿಕೊಳ್ಳುತ್ತದಂತೆ.

‘ಅಂದ್ರ ಕೊಂಡಿ ಹಾಕಿದಾಂಗ’ ಅಂದೆ. ಇಳಕಲ್ ಸೀರೆಯಲ್ಲಿ ಮೈಯ ಹಾಸು, ಅಂದರೆ ಉದ್ದನೆಯ ಎಳೆ, ಬೇರೆ, ಸೆರಗಿನ ಹಾಸು ಬೇರೆ. ಒಂದೊಂದೇ ಎಳೆಯನ್ನು ಕೊಂಡಿಯೊಳಗೆ ಕೊಂಡಿ ತೂರಿಸಿ ಜೋಡಿಸುತ್ತಾರೆ. ಮೇಡಂ ಗಲ್ಲದ ಮೇಲೆ ಕೈ ಇಟ್ಟುಕೊಂಡು, ‘ಇಷ್ಟ ಚಲೋ ನಾನ ಹೇಳಿಲ್ಲಲ್ಲ’ ಅಂದರು.

ಮನೆಯಲ್ಲಿ ಇವರಿಗೆ ಹೇಳಿದೆ. ‘ಹಾಳಿಗೆ ಹಾಲ ಕುಡಸಾಕ ಸರಕಾರ ಪಗಾರ ಕೊಡತೈತೇನು? ನನಗ ಒಂದ್ ವಾಟಗಾ ಚಾ ಕುಡಸು, ಪುಕ್ಕಟೆ’ ಅಂತ ಕಾಡಿದರು. ಬಹಳ ದಿನದ ಮೇಲೆ ನಕ್ಕರು. ಇವತ್ತಿನ ಉಪಕಾರ ಅದೇ.

ಜುಲೈ 19

ಆ್ಯಂಟಿಬಾಡಿ ಇನ್ನೂ ಬಂದಿಲ್ಲ. ಕಂಪನಿಗೆ ಬರೆದು ನಾಲ್ಕು ತಿಂಗಳಾಯಿತಂತೆ. ಮೇಡಂ ಬಾಗಿಲಿನ ಸಪ್ಪಳಕ್ಕೆಲ್ಲ ತಲೆ ಎತ್ತುತ್ತಾರೆ. ಅವರ ವಿದ್ಯಾರ್ಥಿವೇತನ ಸೆಪ್ಟೆಂಬರಿಗೆ ಮುಗಿಯುತ್ತದೆ. ಮಳೆ ಬಂತು. ಉಪಕಾರ.

ಜುಲೈ 28, ಶುಕ್ರವಾರ

ಬಂತು! ಗೇಟಿನಿಂದ ಪೆಟ್ಟಿಗೆ ಹೊತ್ತು ತಂದವಳು ನಾನೇ. ತೆಂಗಿನಕಾಯಿಯಷ್ಟೂ ಭಾರವಿಲ್ಲ. ಒಳಗೆ ಐಸೆಲ್ಲ ಕರಗಿ ನೀರಾಗಿತ್ತು, ತಂಪು ಮಾತ್ರ ಇತ್ತು. ನೀರಿನಲ್ಲಿ ಒಂದು ಚೀಲ, ಚೀಲದಲ್ಲಿ ಒಂದು ಡಬ್ಬಿ, ಡಬ್ಬಿಯಲ್ಲಿ ನನ್ನ ಕಿರುಬೆರಳಿನ ತುದಿಯಷ್ಟು ಶೀಶೆ. ಅದರ ತಳದಲ್ಲಿ ಎರಡು ಹನಿ. ಇಷ್ಟೇ!

ಮೇಡಂ ಅದನ್ನು ಮೂರು ಪುಟ್ಟ ನಳಿಗೆಗಳಿಗೆ ಹಂಚಿ ಫ್ರೀಜರಿನಲ್ಲಿ ಇಟ್ಟರು. ಮೂರು ಸಲಕ್ಕೆ ಮೂರು. ಧರ್ಮರಾಜ ಸರ್ ಬಂದು ನೋಡಿದರು. ಇವರ ಕೈಕೆಳಗೇ ಮೇಡಂ ಕಲಿಯುವುದು. ಸರ್ ಬಾದಾಮಿ ಕಡೆಯವರು, ಒಣ ಮಾತಿನ ಮನುಷ್ಯ. ‘ಐಸ್ ಕರಗೇತಿ. ಒಳಗಿಂದು ಬದುಕೈತೋ ಸತ್ತೈತೋ ದೇವರ ಬಲ್ಲ’ ಅಂದರು.

ದೇವರ ಹೆಸರು ತೆಗೆದದ್ದು ಒಳ್ಳೆಯದಾಯಿತು ಎಂದುಕೊಂಡೆ. ಆಮೇಲೆ ತಿಳಿಯಿತು, ಅದು ಮೊಲದ ರಕ್ತದಿಂದ ತೆಗೆದದ್ದಂತೆ. ಪೆಟ್ಟಿಗೆ ಹೊತ್ತ ಕೈಯನ್ನು ಮೂರು ಸಲ ತೊಳೆದೆ.

ಜುಲೈ 31, ಶ್ರಾವಣದ ಮೊದಲ ಸೋಮವಾರ

ಸ್ನಾನ ಮಾಡಿ ಓಣಿಯ ಕೊನೆಗೆ ಅಮೀನಬಿಯ ಮನೆಗೆ ಹೋದೆ. ಸೋಮವಾರ ಲಿಂಗಕ್ಕೆ ಎರೆಯುವ ಹಾಲು ಅವಳ ಎಮ್ಮೆಯದೇ. ಶ್ರಾವಣ ಬಂತೆಂದರೆ ನಾನು ಹೇಳುವ ಮೊದಲೇ ಅವಳು ಬೇರೆ ಚರಿಗೆ ತೊಳೆದಿಟ್ಟಿರುತ್ತಾಳೆ. ‘ಬೆರಳು ಅದ್ದಿಲ್ಲ, ಒಲಿ ತೋರಿಸಿಲ್ಲ, ನಿಮ್ಮ ಸ್ವಾಮಿಗೆ ಹೆಂಗ ಬೇಕೋ ಹಂಗ ಐತಿ’ ಅಂದಳು. ಇವತ್ತು ಇನ್ನೊಂದು ಚರಿಗೆ ಬೇಕು ಎಂದೆ.

ಯಾಕೆಂದರೆ ಇವತ್ತೇ ಆ್ಯಂಟಿಬಾಡಿ ಹಾಕುವ ದಿನ. ನಾಲ್ಕು ತಿಂಗಳು ಕಾದು ಬಂದದ್ದು, ಬದುಕಿದೆಯೋ ಇಲ್ಲವೋ ತಿಳಿಯದ್ದು. ಅಂಥದರ ಮುಂದೆ ಯಾವ ಊರಿನ ಯಾವ ಹಾಲೋ ಎಂಬ ಡಬ್ಬಿಯ ಪುಡಿ ಕಲಸಿ ಇಡಲು ನನಗೆ ಮನಸ್ಸು ಬರಲಿಲ್ಲ. ದೇವರಿಗೆ ಕೊಡುವುದನ್ನೇ ಇದಕ್ಕೂ ಕೊಡೋಣ ಎನಿಸಿತು. ಹಸಿಹಾಲಿಗೆ ಉಪ್ಪುನೀರು ಬೆರೆಸಿ ತೆಳ್ಳಗೆ ಮಾಡಿ, ಮೇಡಂ ಬರುವುದರೊಳಗೆ ಶೀಶೆಗೆ ತುಂಬಿದೆ. ನೋಡಲು ಅದೇ ಬಿಳಿ. ಹೇಳಲಿಲ್ಲ. ಹರಕೆಯನ್ನು ಬಾಯಿಬಿಟ್ಟು ಹೇಳುತ್ತಾರೆಯೇ?

ಇವತ್ತಿನ ಉಪಕಾರ: ಅಮೀನಬಿ, ಅವಳ ಎಮ್ಮೆ.

ಆಗಸ್ಟ್ 1

ಫಿಲ್ಮು ಪೂರ್ತಿ ಕರಿ. ಒಂದು ಗೆರೆಯೂ ಇಲ್ಲ, ಮಸಿ ಬಳಿದ ಗೋಡೆಯ ಹಾಗೆ. ಮೇಡಂ ಅದನ್ನು ಕಿಟಕಿಗೆ ಹಿಡಿದು ಬಹಳ ಹೊತ್ತು ನಿಂತರು. ಊಟದ ಡಬ್ಬಿ ತೆರೆಯಲಿಲ್ಲ.

ಆಗಸ್ಟ್ 7, ಎರಡನೇ ಸೋಮವಾರ

ನನ್ನದೇ ಏನೋ ಮೈಲಿಗೆಯಾಗಿರಬೇಕು. ಹೋದ ಸಲ ಹಾಲು ತರುವಾಗ ದಾರಿಯಲ್ಲಿ ನಿಂತು ಮಾತಾಡಿದ್ದೆ. ಇವತ್ತು ಉಪವಾಸ. ಒದ್ದೆ ಸೀರೆಯಲ್ಲೇ ಹೋಗಿ, ಯಾರೊಂದಿಗೂ ಮಾತಿಲ್ಲದೆ ತಂದೆ. ಅಮೀನಬಿ, ‘ಯಾಕ್ರೀ ಅಂಬವ್ವಾರ, ನನ್ನ ಮ್ಯಾಲ ಸಿಟ್ಟೇನು?’ ಅಂದರೂ ಸುಮ್ಮನೆ ಕೈಮುಗಿದೆ. ಈ ಸಲ ಉಪ್ಪುನೀರನ್ನೂ ಕಡಿಮೆ ಬೆರೆಸಿದೆ.

ಎರಡನೇ ನಳಿಗೆ ತೆಗೆದರು. ಚೇತನಾಳ ಕೈ ನಡುಗುತ್ತಿತ್ತು. ನಮ್ಮ ಮನೆಯವರ ಕೈ ನೆನಪಾಯಿತು. ತಾಯಿ, ಈ ಹುಡುಗಿಯ ಕೈ ಗಟ್ಟಿ ಮಾಡು.

ಆಗಸ್ಟ್ 8

ಮತ್ತೆ ಕರಿ. ಹೋದ ಸಲಕ್ಕಿಂತ ಹೆಚ್ಚು.

ಆಗಸ್ಟ್ 9, ಬುಧವಾರ

ಧರ್ಮರಾಜ ಸರ್ ಬಂದು ಒಂದೊಂದೇ ಕೇಳಿದರು. ಉಪ್ಪುನೀರು? ಹೊಸದು. ಎರಡನೇ ಆ್ಯಂಟಿಬಾಡಿ? ಹೋದ ತಿಂಗಳು ಬೇರೆ ಕೆಲಸದಲ್ಲಿ ಸರಿ ಬಂದಿತ್ತು. ಹಾಲು? ಚೇತನಾ ನನ್ನ ಕಡೆ ನೋಡಿದಳು. ‘ಹಾಕೀನ್ರಿ’ ಅಂದೆ. ಅದು ಸುಳ್ಳಲ್ಲ.

‘ಹಂಗಾದ್ರ ಮಾಲ ಕೆಟ್ಟೈತಿ’ ಅಂದರು ಸರ್. ‘ಐಸ್ ಕರಗಿದಾಗನ ನಾ ಅಂದಿದ್ದೆ. ಕಂಪನಿಗೆ ಕಾಗದ ಬರೀತೇನಿ. ಅವ್ರು ಕೊಡಂಗಿಲ್ಲ, ಆದ್ರೂ ಬರೀತೇನಿ. ಉಳಿದದ್ದು ಒಂದ ನಳಿಗಿ. ಅದೂ ಹಿಂಗ ಆದ್ರ ಈ ವಿಷಯ ಬಿಡಬೇಕು ಚೇತನಾ. ಸೆಪ್ಟೆಂಬರಿಗೆ ಬರಿಗೈಲೆ ಹೋಗೂದಾಗತೈತಿ.’

ಮೂರು ವರ್ಷದ ಕೆಲಸ. ಅವಳು ‘ಆತ್ರಿ ಸರ’ ಅಂದಳು ಅಷ್ಟೇ. ಸಂಜೆ ಇಲಿಗಳಿಗೆ ಕಾಳು ಹಾಕುತ್ತ ಅವುಗಳೊಂದಿಗೆ ಏನೋ ಮಾತಾಡುತ್ತಿದ್ದಳು. ಹತ್ತಿರ ಹೋಗಲು ಮನಸ್ಸಾಯಿತು, ಒರೆಸಿದ ನೆಲವನ್ನೇ ಮತ್ತೆ ಒರೆಸಿದೆ. ಇವತ್ತು ಉಪಕಾರ ಏನು ಬರೆಯಲಿ? ಇಲಿಗಳು ಕೇಳಿಸಿಕೊಂಡವು.

ಆಗಸ್ಟ್ 11, ಶುಕ್ರವಾರ

ರೊಟ್ಟಿ ತಟ್ಟುತ್ತ ಇವರಿಗೆ ಎಲ್ಲ ಹೇಳಿದೆ, ಹಾಲಿನ ಮಾತೊಂದನ್ನು ಬಿಟ್ಟು. ಹಾಳೆಯೆಲ್ಲ ಕರಿಯಾಯಿತು, ಮೊಲದ ಕೊಂಡಿ ಕೆಟ್ಟಿದೆಯಂತೆ ಎಂದೆ.

ಇವರು ರೊಟ್ಟಿ ಮುರಿಯುವುದನ್ನು ನಿಲ್ಲಿಸಿದರು. ‘ಕೊಂಡಿ ಕೆಟ್ರ ಏನಾಗತೈತಿ? ಎಳಿ ಕೂಡಂಗಿಲ್ಲ. ಸೆರಗು ಬಿಚ್ಚಿ ಬರತೈತಿ. ಹಾಳಿ ಬೆಳ್ಳಗ ಉಳೀಬೇಕಾಗಿತ್ತು. ಹೌದಿಲ್ಲೋ?’

‘ಹೌದು.’

‘ಮಗ್ಗದ ಮ್ಯಾಲಿನ ಎಳಿ ಎಲ್ಲಾ ಒಂದಕ್ಕೊಂದು ಅಂಟ್ಕೊಂಡು ಕುಂತ್ರ ಅದು ಕೊಂಡಿ ತಪ್ಪಲ್ಲ, ಗಂಜಿ ತಪ್ಪು. ನಲವತ್ತು ವರ್ಷ ನೇಯ್ದೀನಿ, ಅಷ್ಟೂ ತಿಳಿಯಂಗಿಲ್ಲೇನು? ಹಾಸಿನ ಎಳಿಗೆ ಹಚ್ಚೂ ಗಂಜಿ ಕೆಟ್ಟಿದ್ರ ಬ್ರಹ್ಮ ಬಂದ್ರೂ ಲಾಳಿ ಓಡಂಗಿಲ್ಲ. ನಿಮ್ಮ ಹಾಳಿಗೆ ಗಂಜಿ ಹಚ್ಚೂದು ಯಾರು?’

ಹಂಚಿನ ಮೇಲಿದ್ದ ರೊಟ್ಟಿ ಹೊತ್ತಿತು.

‘ಯಾರು ಅಂದೆ?’

‘ರೊಟ್ಟಿ ತಿನ್ರಿ’ ಅಂದೆ.

ಆಗಸ್ಟ್ 13, ಭಾನುವಾರ, ಮಹಾಕೂಟ

ನಿನ್ನೆ ಹೇಳಬೇಕೆಂದೇ ಹೋದೆ. ಚೇತನಾ ಒಬ್ಬಳೇ ಇದ್ದಳು. ‘ಅಂಬಕ್ಕ, ನೀವರ ಏನರ ತಿಂದೀರೇನು? ಮುಖ ಸೊರಗೇತಿ’ ಅಂತ ತನ್ನ ಡಬ್ಬಿಯ ಅರ್ಧ ಅವಲಕ್ಕಿ ನನಗೆ ಹಾಕಿದಳು. ಆ ಅವಲಕ್ಕಿ ತಿಂದು ಹೇಗೆ ಹೇಳಲಿ? ಹೇಳಿದರೆ ಕೆಲಸ ಹೋಗುತ್ತದೆ. ಹೋದರೆ ಇವರ ಔಷಧಿಗೆ ಏನು ಮಾಡಲಿ? ಹೇಳದಿದ್ದರೆ ಆ ಮೂರನೇ ನಳಿಗೆ.

ಮುಂದಿನ ಸಲ ಸುಮ್ಮನೆ ಪುಡಿಯನ್ನೇ ಕಲಸಿಬಿಟ್ಟರಾಯಿತು, ಯಾರಿಗೂ ತಿಳಿಯುವುದಿಲ್ಲ ಎಂದೂ ಯೋಚಿಸಿದೆ. ದೇವರ ಗುಡಿಯಲ್ಲಿ ಕೂತು ಬರೆಯುತ್ತಿದ್ದೇನೆ, ಸುಳ್ಳೇಕೆ ಬರೆಯಲಿ? ಆದರೆ ಸರ್ ಕಂಪನಿಯವರನ್ನು ಕಳ್ಳರೆಂದು ಕಾಗದ ಬರೆಯುತ್ತಿದ್ದಾರೆ. ಮಾಲು ಕೆಟ್ಟಿದೆ ಎಂದು ಚೇತನಾ ಮೂರನೆಯದನ್ನು ಹಾಕದೆಯೇ ಬಿಟ್ಟರೆ?

ಹೊಂಡದ ಮೆಟ್ಟಿಲಿನ ಮೇಲೆ ಇವರು, ‘ಮುಳುಗಾಕ ಬಂದು ದಂಡಿಗೆ ಕುಂತಿಯಲ್ಲ’ ಅಂದರು. ಆಗ ಹಾಲಿನ ಮಾತು ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ. ನೀರು ನೋಡುತ್ತ ಕೂತು, ‘ಒಮ್ಮಿ ನಾ ಗಂಜಿ ಕೆಡಿಸಿ ತಪ್ಪು ಆಳಿನ ಮ್ಯಾಲ ಹಾಕಿದ್ದೆ’ ಅಂದರು. ‘ಅಂವ ಬಿಟ್ಟು ಹೋದ. ಚಲೋ ನೇಕಾರ ಇದ್ದ.’ ಮೂವತ್ತೆರಡು ವರ್ಷದ ಸಂಸಾರದಲ್ಲಿ ಈ ಮಾತು ಕೇಳಿದ್ದು ಇವತ್ತೇ.

ಮುಳುಗಲಿಲ್ಲ. ಕಾಲಷ್ಟೇ ಇಳಿಬಿಟ್ಟೆ. ನೀರು ತಂಪಾಗಿತ್ತು, ಉಪಕಾರ.

ಆಗಸ್ಟ್ 14, ಮೂರನೇ ಸೋಮವಾರ

ಇವತ್ತು ಲಿಂಗಕ್ಕೆ ಹಾಲೆರೆಯದೆ ನೇರ ಕಾಲೇಜಿಗೆ ಹೋದೆ. ಸರ್ ಕಂಪನಿಯ ಕಾಗದಕ್ಕೆ ಸಹಿ ಹಾಕಲು ಪೆನ್ನು ತೆರೆದಿದ್ದರು. ಚೇತನಾ ಪಕ್ಕದಲ್ಲಿ ನಿಂತಿದ್ದಳು.

‘ಸಹಿ ಮಾಡಬ್ಯಾಡ್ರಿ ಸರ. ಅವ್ರ ತಪ್ಪಲ್ಲ. ಹಾಲು ನಂದು.’

‘ಎಂಥಾ ಹಾಲು?’

‘ಎಮ್ಮಿ ಹಾಲ್ರಿ. ನಮ್ಮ ಓಣಿ ಅಮೀನಬಿದು.’

ಸರ್ ಪೆನ್ನಿನ ಮುಚ್ಚಳ ಹಾಕಿದರು. ‘ಎಷ್ಟ ಸಲ?’

‘ಎರಡೂ ಸಲ.’

‘ಡಬ್ಬಿ ಪುಡಿ?’

‘ಹಂಗ ಐತ್ರಿ.’

‘ಕಾಸಿದ್ದೋ, ಹಸೀದೋ?’

‘ಹಸೀದ್ರಿ. ದೇವರಿಗೆ ಎರಿಯೂ ಹಾಲು ಕಾಸಂಗಿಲ್ಲ.’

‘ಇದು ದೇವರಲ್ಲ ಅಂಬವ್ವ, ಹಾಳಿ!’ ಅಂತ ಕೂಗಿದರು. ಹೊರಗೆ ಹೋಗುತ್ತಿದ್ದವರು ನಿಂತು ನೋಡಿದರು. ಆಮೇಲೆ ಸರ್‌ಗೆ ಏನೋ ಹೊಳೆದಂತಾಯಿತು. ‘ಹಸೀದು’ ಎಂದು ತಮ್ಮಷ್ಟಕ್ಕೇ ಅಂದುಕೊಂಡು, ‘ಹೋಗ್ರಿ, ಅದೇ ಹಾಲು ಒಂದ್ ಲೋಟ ತರ್ರಿ. ಈಗ’ ಅಂದರು.

ತಂದೆ. ಅರ್ಧ ಕಾಯಿಸಿದರು, ಅರ್ಧ ಹಾಗೇ ಬಿಟ್ಟರು. ಒಂದು ತುಂಡು ಹಾಳೆಯ ಮೇಲೆ ಎರಡು ಚುಕ್ಕೆ, ಎಡಕ್ಕೆ ಹಸಿ, ಬಲಕ್ಕೆ ಕಾಯಿಸಿದ್ದು. ಮೊಲದ್ದು ಇಲ್ಲ, ದೀಪ ಕಟ್ಟಿದ ಎರಡನೆಯದೂ ಇಲ್ಲ. ಬರೀ ಆ ದೀಪವನ್ನು ಹೊಳೆಯಿಸುವ ನೀರು ಹಾಕಿ ಕತ್ತಲ ಕೋಣೆಗೆ ಒಯ್ದರು, ನನ್ನನ್ನೂ ಕರೆದರು. ಫಿಲ್ಮು ತೊಳೆದು ತೆಗೆದಾಗ ಎಡಗಡೆ ಕುಂಕುಮದ ಬೊಟ್ಟಿನಷ್ಟು ಅಗಲಕ್ಕೆ ಕಪ್ಪು. ಬಲಗಡೆ ಏನೂ ಇಲ್ಲ.

‘ನೋಡ್ರಿ’ ಅಂದರು ಸರ್, ಈಗ ದನಿ ಇಳಿದಿತ್ತು. ‘ನಾವು ಆ್ಯಂಟಿಬಾಡಿ ಬೆನ್ನಿಗೆ ಒಂದ್ ದೀಪ ಕಟ್ಟತೇವಲ್ಲ, ಅಂಥಾದ ಒಂದು ಹಸಿಹಾಲಿನ್ಯಾಗ ಹುಟ್ಟಾ ಇರತೈತಿ. ಕಾಸಿದ್ರ ಆರತೈತಿ. ನೀವು ಹಾಳಿ ತುಂಬ ದೀಪ ಹಚ್ಚಿ, ಗೆರಿ ಕಾಣವಲ್ದು ಅಂದ್ರ ಹೆಂಗ ಕಂಡೀತು?’

‘ಹಂಗಾದ್ರ ಮೊಲದ್ದು ಕೆಟ್ಟಿಲ್ಲೇನ್ರಿ?’

‘ಕೆಟ್ಟಿಲ್ಲ ಅಂತ ಹೇಳಾಕ ಬರಂಗಿಲ್ಲ. ಕೆಟ್ಟೈತಿ ಅಂತನೂ ಹೇಳಾಕ ಬರಂಗಿಲ್ಲ ಈಗ.’ ಆ ಕಾಗದ ಹರಿದರು.

‘ನಾಳಿಂದ ಬರಬ್ಯಾಡ ಅಂತೀರೇನ್ರಿ?’

‘ನಾಳೆ ಝಂಡಾ ಐತಿ, ಪೇಢೆ ತಿಂದು ಹೋಗ್ರಿ. ನಾಡಿದ್ದು ಕೆಲಸಕ್ಕ ಬರ್ರಿ.’

ಕೆಲಸ ಉಳಿಯಿತು, ತಾಯಿ. ಆದರೆ ಚೇತನಾ ಇಡೀ ದಿನ ನನ್ನೊಂದಿಗೆ ಮಾತಾಡಲಿಲ್ಲ. ಎರಡು ನಳಿಗೆ ಹೋಗಿವೆ. ಆ ಮೌನ ನ್ಯಾಯವಾದದ್ದೇ.

ಆಗಸ್ಟ್ 16, ಬುಧವಾರ

ಮೂರನೇ ನಳಿಗೆ. ಚೇತನಾ ತಕ್ಕಡಿಯನ್ನು ನನ್ನ ಮುಂದೆ ಸರಿಸಿ, ಬೇರೆ ಕಡೆ ನೋಡುತ್ತ, ‘ಪುಡಿ ತೂಗ್ರಿ’ ಅಂದಳು.

‘ನಾ ಮುಟ್ಟಂಗಿಲ್ಲವ್ವ. ನೀನ ಮಾಡು.’

‘ನೀವು ಮುಟ್ಟಲಿಲ್ಲಂದ್ರ ಯಾರ ಕಡೆ ಮಾಡಿಸಲಿ? ತಪ್ಪು ಮಾಡಿದಾಕಿ ನೀವೊಬ್ರ ಅಂದ್ಕೊಂಡೀರೇನು? ತಾವಾಗಿ ಯಾರ ಬಂದು ಹೇಳತಾರ ಇಲ್ಲೆ?’ ಅವಳ ಕಣ್ಣು ತುಂಬಿತ್ತು, ಸಿಟ್ಟೂ ಇತ್ತು. ‘ಮೊನ್ನೆ ನಿಮ್ಮ ಮ್ಯಾಲ ಭಾಳ ಸಿಟ್ಟ ಬಂದಿತ್ತು. ಇವತ್ತ ಸ್ವಲ್ಪ ಐತಿ. ತೂಗ್ರಿ.’

ಐದು ಗ್ರಾಂ. ಮೂರು ಸಲ ತೂಗಿದೆ. ಡಬ್ಬಿಯ ಮೇಲಿನ ತಾರೀಖು ನೋಡಿದೆ. ಗಂಟಿಲ್ಲದಂತೆ ಕಲಸಿ, ಸಾಲದೆಂದು ಸೋಸಿದೆ. ಶೀಶೆಯ ಮೇಲೆ ಕನ್ನಡದಲ್ಲಿ ಬರೆದು ಅಂಟಿಸಿದೆ: ಹಾಲಿನ ಪುಡಿ, 16-8, ಅಂಬವ್ವ. ಮಾಡಿದವರ ಹೆಸರಿದ್ದರೆ ಕೇಳುವವರಿಗೆ ಅನುಕೂಲ.

ಮನೆಗೆ ಬಂದು ಊಟ ಮುಗಿದ ಮೇಲೆ ನೆನಪಾಯಿತು, ಇವತ್ತು ತಲೆಗೆ ನೀರು ಹಾಕಿಕೊಂಡಿಲ್ಲ.

ಆಗಸ್ಟ್ 17, ಗುರುವಾರ

ಗೆರೆ!

ಬಿಳಿ ಬಯಲಿನ ಮೇಲೆ ಆರು ಗೆರೆ, ಎಲ್ಲ ಒಂದೇ ಮಟ್ಟದಲ್ಲಿ, ಸೀರೆಯ ದಡಿಯ ಎಳೆಯಂತೆ. ಕತ್ತಲ ಕೋಣೆಯ ಕೆಂಪು ದೀಪದಲ್ಲಿ ಚೇತನಾ ‘ಅಂಬಕ್ಕ, ಅಂಬಕ್ಕ’ ಎಂದು ನನ್ನ ತೋಳು ಹಿಡಿದುಕೊಂಡಳು, ಉಗುರು ಊರಿ ಇನ್ನೂ ಗುರುತಿದೆ. ಮೊದಲ ಮೂರು ದಪ್ಪ, ಅವು ಚೆನ್ನಾಗಿ ತಿಂದ ತಾಯಿಯ ಮರಿಗಳದು. ಆಮೇಲಿನ ಮೂರು ಸಣ್ಣ. ‘ಇನ್ನೂ ಅಳೀಬೇಕು, ಈಗ ಏನೂ ಅನಬಾರದು’ ಎಂದು ಸರ್ ಗಂಭೀರವಾಗಿ ಹೇಳಿ, ಹೊರಗೆ ಹೋಗಿ ಎಲ್ಲರಿಗೂ ಚಹಾ ತರಿಸಿದರು. ಸೆಪ್ಟೆಂಬರಿನವರೆಗೆ ಸಾಕಾಗುವ ಕೆಲಸ ಈ ಒಂದು ಫಿಲ್ಮಿನಲ್ಲಿದೆಯಂತೆ.

ಆ ಸಣ್ಣ ಗೆರೆಗಳನ್ನೇ ಬಹಳ ಹೊತ್ತು ನೋಡಿದೆ. ಹದಿನೆಂಟರ ಅಂಬವ್ವ, ಸುಣ್ಣದಂಥ ಕಣ್ಣು. ಯಾರೂ ಕೇಳಿರಲಿಲ್ಲ ಆಗ.

ಉಪಕಾರ ಒಂದೇ ಬರೆಯಲಾಗುವುದಿಲ್ಲ ಇವತ್ತು. ತಾಯಿ ಬನಶಂಕರಿಗೆ. ನಮ್ಮ ಮನೆಯವರ ಗಂಜಿಗೆ. ಕಾಗದ ಹರಿದ ಕೈಗೆ. ಮಿದುಳು ಕೊಟ್ಟ ಮರಿಗಳಿಗೆ, ಅವುಗಳ ತಾಯಂದಿರಿಗೆ. ಎಲ್ಲೋ ಇರುವ, ನಾನು ಎಂದೂ ನೋಡದ ಆ ಮೊಲಕ್ಕೆ. ಅದರ ಪೆಟ್ಟಿಗೆ ಹೊತ್ತು ಕೈ ತೊಳೆದಿದ್ದೆನಲ್ಲ.

ಆಗಸ್ಟ್ 21, ಶ್ರಾವಣದ ಕಡೆಯ ಸೋಮವಾರ

ಕೆಟ್ಟ ಫಿಲ್ಮು ಎರಡನ್ನೂ ಕಸಕ್ಕೆ ಹಾಕಲು ತೆಗೆದುಕೊಂಡಿದ್ದೆ. ಚೇತನಾ ಕಸಿದುಕೊಂಡಳು. ‘ಕೆಟ್ಟದ್ದೂ ದಾಖಲಿ ಆಗಬೇಕು. ಇಲ್ಲಂದ್ರ ಮುಂದ ಬರಾವ್ರು ಇದ ತಪ್ಪ ಮಾಡತಾರ’ ಅಂತ ತನ್ನ ದೊಡ್ಡ ಪುಸ್ತಕದಲ್ಲಿ ಅಂಟಿಸಿದಳು. ಪಕ್ಕದಲ್ಲಿ ಜಾಗ ಬಿಟ್ಟು ಪೆನ್ನು ನನ್ನ ಕಡೆ ಚಾಚಿದಳು.

‘ನನಗ ಇಂಗ್ಲಿಷ್ ಬರಂಗಿಲ್ಲ.’

‘ಹಾಲು ಕನ್ನಡದ್ದ ಇತ್ತಲ್ಲ’ ಅಂದಳು.

ಬರೆದೆ: ‘ಎರಡೂ ದಿನ ಹಾಕಿದ್ದು ಎಮ್ಮೆಯ ಹಾಲು. ಕಾಯಿಸಿರಲಿಲ್ಲ. ಚೇತನಾಗೆ ಹೇಳಿರಲಿಲ್ಲ. ಒಳ್ಳೆಯದಾಗಲಿ ಎಂದು ಹಾಕಿದ್ದೆ. ಅಂಬವ್ವ ಮುತ್ತಪ್ಪ, ಇಳಕಲ್ಲ.’ ಸರ್ ಬಂದು ಓದಿದರು. ಕೆಳಗೆ ತಮ್ಮ ಸಹಿ ಹಾಕಿದರು.

ಬೆಳಿಗ್ಗೆ ಅಮೀನಬಿ ಚರಿಗೆ ಕೊಡುತ್ತ, ‘ಇವತ್ತ ಒಂದೋ ಎರಡೋ?’ ಅಂತ ಕೇಳಿದ್ದಳು. ಒಂದೇ ಎಂದೆ. ಲಿಂಗಕ್ಕೆ ಎರೆದೆ, ಹಸಿಯಾಗಿಯೇ.

ನಾಳೆ ಬೇಗ ಹೋಗಬೇಕು. ನಮ್ಮ ಖೋಲಿಯ ಪುಡಿಯ ಡಬ್ಬಿ ತಳ ಕಾಣುತ್ತಿದೆ, ಸರ್‌ಗೆ ನೆನಪು ಮಾಡಬೇಕು. ಅವರಿಗೆ ಇಂಥದೆಲ್ಲ ತಿಳಿಯುವುದಿಲ್ಲ.